ಮೂರನೇ ಮನೆ

ರಟ್ಟಿನ ಪೆಟ್ಟಿಗೆಯ ಮೇಲೆ ‘ನಾಜೂಕು’ ಎಂದು ಬರೆದಿತ್ತು.
ಕೊರಿಯರಿನ ಹುಡುಗ ಆಲ್ಕೊಳದ ಕ್ವಾರ್ಟರ್ಸ್ ಗೇಟಿನಾಚೆ ನಿಂತೇ
ಚಾಚಿ ಕೊಟ್ಟ. ‘ಕ್ರಿಕೆಟ್ ಬ್ಯಾಟಾ ಸಾರ್?’
ಹೌದಪ್ಪ ಎಂದೆ.
ನಲವತ್ತಾರರ ಲೈನ್‌ಮನ್ ಬೇಸ್ ಗಿಟಾರಿನ ಕಿಟ್ ತರಿಸಿದ್ದಾನೆ
ಅನ್ನುವುದಕ್ಕಿಂತ ಅದು ಚಿಕ್ಕ ಮಾತು.

ಬಿಚ್ಚಿದರೆ: ಬಣ್ಣ ಕಾಣದ ಮರದ ಮೈ.
ಬೇರೆಯಾಗಿ ಸುತ್ತಿಟ್ಟ ಕತ್ತು. ನಾಲ್ಕು ತಂತಿ.
ಚೀಟಿಯಲ್ಲಿ ಹದಿನೆಂಟು ತಿರುಪು,
ಪೊಟ್ಟಣದಲ್ಲಿ ಹದಿನೇಳು.
ಹೇಮಲತಾ ಸೌಟು ಹಿಡಿದೇ ಬಂದು ನೋಡಿದಳು.
‘ಇದು ಹಾಡತ್ತಾ?’
‘ಹಾಡಲ್ಲ. ಹಾಡೋರ ಕೆಳಗೆ ಹ್ಞೂಂ ಅಂತಿರತ್ತೆ.’
‘ಹ್ಞೂಂ ಅನ್ನೋರು ಮನೇಲಿ ಆಗಲೇ ಒಬ್ಬರು ಇದೀರಲ್ಲ’
ಎಂದು ಒಗ್ಗರಣೆಗೆ ಮರಳಿದಳು.

ಕತ್ತು ಮೈಗೆ ಕೂರಲಿಲ್ಲ. ಸಂದಿನಲ್ಲಿ ಬೆಳಕು.
ಕರೆಂಟು ಬಿಲ್ಲು ನಾಲ್ಕು ಮಡಿಕೆ ಮಾಡಿ ತುರುಕಿದೆ,
ಕಟ್ಟಿದ ಬಿಲ್ಲೇ, ನಮ್ಮ ಮನೆಯದೇ.
ಪಿಕಪ್ಪಿನ ದನಿ ಮಾತ್ರ
ಪಕ್ಕದ ಬೀದಿಯಲ್ಲಿ ಯಾರೋ ಗೋಣಿ ಕೊಡವಿದಂತೆ.

ಅದನ್ನು ಬಿಚ್ಚಿ ಆಟೋ ಕಾಂಪ್ಲೆಕ್ಸಿಗೆ ಒಯ್ದೆ.
ಪಂಪಿನ ಮೋಟಾರು ಸುತ್ತುವ ಜಬೀವುಲ್ಲಾ
ಕನ್ನಡಕ ಹಣೆಗೇರಿಸಿ ಎಳೆಯನ್ನು ಬಿಸಿಲಿಗೆ ಹಿಡಿದ.
‘ಇದು ವೈರಲ್ಲ ಮಾರಾಯ್ರೇ, ಜೇಡನ ಉಗುಳು.’
ಆದರೂ ಹೊಲಿಗೆ ಯಂತ್ರದ ಚಕ್ರಕ್ಕೆ ಸಿಕ್ಕಿಸಿ
ಉಸಿರು ಬಿಗಿಹಿಡಿದು ಸುತ್ತತೊಡಗಿದ.
ಏಳು ಸಾವಿರದ ಮುನ್ನೂರ ಹನ್ನೆರಡಕ್ಕೆ ಆಜಾನ್ ಆಯಿತು.
ಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ನೆಲಕ್ಕೆ ಬರೆದು ಎದ್ದ.
ಬಂದವನು ಹದಿಮೂರರಿಂದ ಮುಂದುವರಿಸಿದ.

ಜೋಡಿಸಿ ಆಂಪ್ಲಿಫೈಯರಿಗೆ ಚುಚ್ಚಿದರೆ
ಮುಟ್ಟುವ ಮೊದಲೇ ಗುಂಯ್‌ಗುಟ್ಟಿತು.
ಗುರುತು ಸಿಕ್ಕಿತು ನನಗೆ.
ಇಪ್ಪತ್ತೆರಡು ವರ್ಷ ಇದರ ಕಂಬ ಹತ್ತಿದವನು,
ಸೆಕೆಂಡಿಗೆ ಐವತ್ತು ಸಲ ಹೋಗಿ ಬರುವ ಈ ಸದ್ದು
ನಿದ್ದೆಯಲ್ಲೂ ನನ್ನ ಹಲ್ಲಿನೊಳಗಿರುತ್ತದೆ.
ದಪ್ಪ ತಂತಿಯ ಮೂರನೇ ಮನೆ ಒತ್ತಿ ಮೀಟಿದೆ.
ಅದೇ ದನಿ! ಕೂದಲೆಳೆಯಷ್ಟೇ ಕೆಳಗೆ.
ಎರಡೂ ಸೇರಿ ಸೆಕೆಂಡಿಗೊಮ್ಮೆ ಉಬ್ಬುವುದು, ಇಳಿಯುವುದು,
ಕೆರೆಯಲ್ಲಿ ಎಮ್ಮೆ ಉಸಿರಾಡಿದ ಹಾಗೆ.
ಬಹಳ ಹೊತ್ತು ಹಾಗೇ ಬಿಟ್ಟಿದ್ದೆ.
ಆಮೇಲೆ ಕಸುಬು ನೆನಪಾಯಿತು. ಅರ್ಥಿಂಗ್ ಕೊಟ್ಟೆ,
ಹೊಟ್ಟೆಯೊಳಗೆ ತಾಮ್ರದ ಹಾಳೆ ಅಂಟಿಸಿದೆ.
ಸುಮ್ಮನಾಯಿತು.

ಕತ್ತಿನ ಉದ್ದಕ್ಕೂ ಇಪ್ಪತ್ತು ಲೋಹದ ಕಂಬಿ.
ತೀರ್ಥಹಳ್ಳಿ ರಸ್ತೆಯಲ್ಲಿ ನಿಂತು ಗಾಜನೂರಿನತ್ತ ನೋಡಿದರೆ
ನಮ್ಮ ಕಂಬಗಳೂ ಹೀಗೇ, ಹೋಗುತ್ತ ಹೋಗುತ್ತ ಹತ್ತಿರ.
ಅಲ್ಲಿ ಅದು ಕಣ್ಣಿನ ಮೋಸ. ಇಲ್ಲಿ ಲೆಕ್ಕ.
ನನ್ನ ಎಡಗೈ ಕಿರುಬೆರಳು ಮಡಚುವುದಿಲ್ಲ,
ಲೈನ್ ಆಫ್ ಮಾಡಿಸಿ ಕಂಬ ಹತ್ತಿದ ಒಂದು ಸೋಮವಾರ
ಯಾರದೋ ಮದುವೆ ಮನೆಯ ಜನರೇಟರು
ಹಿಂದಕ್ಕೆ ಹರಿಸಿದಾಗಿನಿಂದ.
ಕಂಬಿಗಳ ನಡುವೆ ಅದು ಎಡವುತ್ತಿತ್ತು.

ಹಾಗಾಗಿ ಕಿತ್ತೆ. ಒಂದೊಂದನ್ನೂ ಕಾಯಿಸಿ,
ಇಕ್ಕಳದಲ್ಲಿ ಮೆಲ್ಲಗೆ ಅಲ್ಲಾಡಿಸಿ, ಇಪ್ಪತ್ತನ್ನೂ.
ಈರಣ್ಣಾಚಾರ್ ಹಲಸಿನ ಸೀಳು ಕೊಟ್ಟರು, ದುಡ್ಡು ಕೇಳಲಿಲ್ಲ,
‘ವೀಣೆಯ ಮೆಟ್ಟು ಕೀಳೋ ಪಾಪ ನಂಗೆ ಬೇಡ’ ಎಂದರು.
ತೂತು ತುಂಬಿ ಉಜ್ಜಿದೆ. ಈಗ ಕಂಬಿ ಇದ್ದಲ್ಲಿ
ಹಳದಿ ಗೆರೆ ಮಾತ್ರ. ಗೋಡೆ ಬಿದ್ದ ಮನೆಗಳು.
ಬೆರಳು ಎಲ್ಲಿ ನಿಂತರೆ ಅದೇ ಮನೆ,
ಸರಿಯೋ ತಪ್ಪೋ ಕಿವಿಯೇ ಹೇಳಬೇಕು.

ನಿನ್ನೆ ರಾತ್ರಿ ಇಡೀ ಏರಿಯಾ ಕತ್ತಲು.
ನನ್ನ ಪಾಳಿಯಲ್ಲ. ಆದರೂ ಹನ್ನೊಂದು ಫೋನು.
ಆಂಪ್ಲಿಫೈಯರಿಲ್ಲದೆ, ಗಿಟಾರಿನ ಕೊಂಬಿಗೆ ದವಡೆ ಒತ್ತಿ
ಮೂರನೇ ಮನೆ ಹುಡುಕುತ್ತಿದ್ದೆ.
ಮೂಳೆಯೊಳಗೆ ಬರುತ್ತದೆ, ಜಾರುತ್ತದೆ.
ಸೆಟೆದ ಬೆರಳು ಗೆರೆಯ ಆಚೆ, ಈಚೆ.
ತಾಳೆ ನೋಡಲು ಊರಲ್ಲಿ ಒಂದು ಸದ್ದೂ ಇಲ್ಲ.

ಹತ್ತೂವರೆಗೋ ಏನೋ ಗೇಟಿನಾಚೆಯ ಟಿ.ಸಿ.
ಗಂಟಲು ಸರಿಮಾಡಿಕೊಂಡಿತು. ಬೀದಿ ದೀಪ.
ನಾನಿದ್ದದ್ದು ಒಂದು ನೂಲು ಕೆಳಗೆ.
ಬೆರಳು ಜಾರಿಸಿದೆ.
ಒಳಗಿನಿಂದ ಹೇಮಲತಾ ಕೇಳಿದಳು, ‘ಬಂತಾ?’
ಹ್ಞೂಂ ಎಂದೆ.